ಯಾವ ಬ್ಲ್ಯಾಕ್‌ಜಾಕ್ ಮೇಜಿಗೆ ಕೂರಬೇಕು: ಆಟದ ಚರಿತ್ರೆಯ ಬೆಳಕಿನಲ್ಲಿ ಒಂದು ಹೋಲಿಕೆ

ಒಂದೇ ಕ್ಯಾಸಿನೊದ ಒಂದೇ ಸಭಾಂಗಣದಲ್ಲಿ ಅಕ್ಕಪಕ್ಕದ ಎರಡು ಮೇಜುಗಳ ಮೇಲೆ ಬ್ಲ್ಯಾಕ್‌ಜಾಕ್ ಎಂಬ ಒಂದೇ ಹೆಸರು ಇರಬಹುದು. ಆದರೆ ಒಂದರಲ್ಲಿ ಸರಿಯಾಗಿ ಆಡುವವನು ಪಣಕ್ಕಿಟ್ಟ ಪ್ರತಿ ನೂರು ರೂಪಾಯಿಗೆ ಸರಾಸರಿ ನಲವತ್ತು ಪೈಸೆಯಷ್ಟು ಕಳೆದುಕೊಂಡರೆ, ಇನ್ನೊಂದರಲ್ಲಿ ಅಷ್ಟೇ ಸರಿಯಾಗಿ ಆಡಿಯೂ ಎರಡು ರೂಪಾಯಿಯಷ್ಟು ಕಳೆದುಕೊಳ್ಳುತ್ತಾನೆ. ಬ್ಯಾಕರಾ ಎಂಬ ಇನ್ನೊಂದು ಇಸ್ಪೀಟಾಟದಲ್ಲಿ ಮೇಜಿನಿಂದ ಮೇಜಿಗೆ ಇಷ್ಟು ಅಂತರ ಸಾಮಾನ್ಯವಾಗಿ ಕಾಣುವುದಿಲ್ಲ. ಈ ಅಂತರಕ್ಕೆ ಕಾರಣ ಆಟದ ಚರಿತ್ರೆಯಲ್ಲಿದೆ. ನಾಲ್ಕು ಶತಮಾನಗಳಲ್ಲಿ ಈ ಆಟಕ್ಕೆ ಸೇರಿದ ಮತ್ತು ಅದರಿಂದ ಕಳಚಿದ ಒಂದೊಂದು ನಿಯಮಕ್ಕೂ ಒಂದು ಸಂದರ್ಭವಿದೆ; ಇಂದಿನ ಪ್ರತಿ ಮೇಜೂ ಆ ನಿಯಮಗಳಲ್ಲಿ ಕೆಲವನ್ನು ಉಳಿಸಿಕೊಂಡು ಕೆಲವನ್ನು ಬಿಟ್ಟಿದೆ. ಯಾವುದನ್ನು ಉಳಿಸಿಕೊಂಡಿದೆ, ಯಾವುದನ್ನು ಬಿಟ್ಟಿದೆ ಎಂಬುದನ್ನು ಗುರುತಿಸಲು ಕಲಿತವನಿಗೆ ಆಯ್ಕೆ ಕಷ್ಟವಾಗುವುದಿಲ್ಲ.

ಆಟವನ್ನು ಎಂದೂ ಆಡದವರಿಗಾಗಿ ಎರಡು ಮಾತು. ಕೈಯಲ್ಲಿರುವ ಇಸ್ಪೀಟೆಲೆಗಳ ಮೊತ್ತ 21ಕ್ಕೆ ಸಾಧ್ಯವಾದಷ್ಟು ಹತ್ತಿರ ಬರಬೇಕು, ಮೀರಬಾರದು. ಮೀರಿದರೆ ಅದು ಬಸ್ಟ್, ಪಣ ಹೋಯಿತು. ಗುಲಾಮ, ರಾಣಿ, ರಾಜ ಮೂರಕ್ಕೂ 10 ಬೆಲೆ. ಎಕ್ಕಕ್ಕೆ ಅನುಕೂಲ ನೋಡಿ 1 ಅಥವಾ 11. ಮೊದಲ ಎರಡೇ ಎಲೆಗಳಲ್ಲಿ ಎಕ್ಕವೂ ಹತ್ತರ ಬೆಲೆಯ ಎಲೆಯೂ ಕೂಡಿ ಬಂದರೆ ಅದೇ ಬ್ಲ್ಯಾಕ್‌ಜಾಕ್, ಅದಕ್ಕೆ ಪಣಕ್ಕಿಂತ ಹೆಚ್ಚಿನ ಗೆಲುವು ಸಲ್ಲುತ್ತದೆ. ಪ್ರತಿಯೊಬ್ಬ ಆಟಗಾರನೂ ಕ್ಯಾಸಿನೊದ ಪರವಾಗಿ ಎಲೆ ಹಂಚುವ ಡೀಲರ್‌ನ ಎದುರು ಆಡುತ್ತಾನೆಯೇ ಹೊರತು ಪಕ್ಕದವನ ಎದುರು ಅಲ್ಲ.

ಮನೆಯ ಆಟವೋ, ಕ್ಯಾಸಿನೊದ ಆಟವೋ

ಮೊದಲ ಆಯ್ಕೆ ಇದು, ಮತ್ತು ಹಲವರು ಇದನ್ನು ಆಯ್ಕೆಯೆಂದೇ ಎಣಿಸುವುದಿಲ್ಲ. ಈ ಆಟ ಹುಟ್ಟಿದ್ದು 1700ರ ಸುಮಾರಿನ ಫ್ರಾನ್ಸಿನ ಕ್ಯಾಸಿನೊಗಳಲ್ಲಿ ಎಂಬ ಮಾತು ಎಲ್ಲೆಡೆ ಓಡಾಡುತ್ತದೆ. ಆದರೆ ಸ್ಪೇನಿನ ಸೆರ್ವಾಂಟಿಸ್ 1613ರಲ್ಲಿ ಪ್ರಕಟಿಸಿದ ಕಥೆಯೊಂದರಲ್ಲಿ, ಸೆವಿಲ್ ನಗರಕ್ಕೆ ಹೋಗುವ ಇಬ್ಬರು ಹುಡುಗ ಕಳ್ಳರು ‘ವೆಯಿಂತಿಊನ’ ಎಂಬ ಇಪ್ಪತ್ತೊಂದರ ಆಟದಲ್ಲಿ ಮೋಸ ಮಾಡುವುದರಲ್ಲಿ ನಿಸ್ಸೀಮರು, ಮತ್ತು ಅಲ್ಲಿಯೂ ಎಕ್ಕಕ್ಕೆ ಒಂದು ಅಥವಾ ಹನ್ನೊಂದು ಎಂಬ ಎರಡು ಬೆಲೆಗಳಿವೆ. ಅಂದರೆ ಆಟದ ತಿರುಳು ಕ್ಯಾಸಿನೊ ಎಂಬ ಸಂಸ್ಥೆ ಈ ಆಟವನ್ನು ಕೈಗೆತ್ತಿಕೊಳ್ಳುವ ಬಹಳ ಮೊದಲೇ ಸಿದ್ಧವಾಗಿತ್ತು. ಹದಿನೆಂಟನೆಯ ಶತಮಾನದ ಫ್ರಾನ್ಸಿನಲ್ಲಿ ಅದೇ ಆಟ ‘ವ್ಯಾಂತೇಅ’ ಆಗಿ ಶ್ರೀಮಂತರ ದಿವಾನಖಾನೆಗಳನ್ನು ಸೇರಿತು. ಸೇಂಟ್ ಹೆಲೆನಾ ದ್ವೀಪದ ಸೆರೆವಾಸದಲ್ಲಿದ್ದ ನೆಪೋಲಿಯನ್ ಇದನ್ನು ಆಡುತ್ತಿದ್ದ. ಬ್ರಿಟನ್ನಿನಲ್ಲಿ ಅದು ಮನೆಮನೆಯ ಆಟವಾಗಿ, ಮೊದಲ ಮಹಾಯುದ್ಧದ ಸೈನಿಕರ ನಡುವೆ ‘ಪಾಂಟೂನ್’ ಎಂಬ ಹೆಸರಿನಿಂದ ಹಬ್ಬಿತು.

ಈ ಹಳೆಯ ಆಟಕ್ಕೂ ಕ್ಯಾಸಿನೊದ ಆಟಕ್ಕೂ ಇರುವ ವ್ಯತ್ಯಾಸ ಮೇಲುನೋಟಕ್ಕೆ ತೋರುವುದಕ್ಕಿಂತ ಆಳವಾದದ್ದು. ಪಾಂಟೂನಿನಲ್ಲಿ ಎಲೆ ಹಂಚಿ ಎಲ್ಲರ ಪಣವನ್ನೂ ಎದುರಿಸುವ ಬ್ಯಾಂಕರ್ ಕೂಡ ಆಟಗಾರರಲ್ಲಿ ಒಬ್ಬ. ಅವನಿಗೆ ನಿಲ್ಲುವ ಅಥವಾ ಇನ್ನೊಂದು ಎಲೆ ತೆಗೆದುಕೊಳ್ಳುವ ಸ್ವಾತಂತ್ರ್ಯವಿದೆ, ಅವನ ಎರಡು ಎಲೆಗಳೂ ಮುಚ್ಚಿಯೇ ಇರುತ್ತವೆ, ಮೊತ್ತ ಸಮವಾದರೆ ಗೆಲುವು ಅವನದೇ. ಎಕ್ಕ ಮತ್ತು ಹತ್ತು ಕೂಡಿದರೆ ಅದು ಪಾಂಟೂನ್. ಇಪ್ಪತ್ತೊಂದನ್ನು ಮೀರದೆ ಐದು ಎಲೆ ಕೂಡಿಸಿದರೆ ಅದಕ್ಕೆ ಪಾಂಟೂನ್ ಒಂದನ್ನು ಬಿಟ್ಟು ಉಳಿದೆಲ್ಲದರ ಮೇಲೂ ಗೆಲುವು. ಎರಡಕ್ಕೂ ದುಪ್ಪಟ್ಟು ಹಣ. ಇಷ್ಟು ಅನುಕೂಲ ಬ್ಯಾಂಕರ್‌ಗೆ ಇದ್ದರೂ ಆಟ ಅನ್ಯಾಯವಾಗದಿರಲು ಒಂದೇ ಕಾರಣವೆಂದರೆ, ಪಾಂಟೂನ್ ಬಂದ ಆಟಗಾರನಿಗೆ ಬ್ಯಾಂಕು ದಾಟುತ್ತದೆ. ಇಂದು ಅವನ ಕೈಯಲ್ಲಿದ್ದ ಅನುಕೂಲ ಸ್ವಲ್ಪ ಹೊತ್ತಿನಲ್ಲೇ ನಿಮ್ಮ ಕೈಗೆ ಬರುತ್ತದೆ. ರಜೆಯಲ್ಲಿ ಮನೆಮಂದಿಯೆಲ್ಲ ಸೇರಿ ಹುಣಸೆಬೀಜವನ್ನೋ ಬೆಂಕಿಕಡ್ಡಿಯನ್ನೋ ಪಣವಿಟ್ಟು ಆಡುವವರು ಯಾವ ಅನುಮಾನವೂ ಇಲ್ಲದೆ ಇದನ್ನೇ ಆರಿಸಿಕೊಳ್ಳಬೇಕು. ಎದುರಾಳಿಯ ಮುಖ ಓದುವುದಕ್ಕೆ, ಹೆದರಿಸುವುದಕ್ಕೆ, ನಟಿಸುವುದಕ್ಕೆ ಇಲ್ಲಿ ಅವಕಾಶವಿದೆ. ಕ್ಯಾಸಿನೊದ ಆಟದಲ್ಲಿ ಅದೊಂದೂ ಉಳಿದಿಲ್ಲ. ಮನೆಯಲ್ಲಿ ಕ್ಯಾಸಿನೊದ ನಿಯಮಗಳನ್ನು ಅನುಸರಿಸಿ, ಒಬ್ಬರನ್ನೇ ಇಡೀ ಸಂಜೆ ಡೀಲರ್ ಮಾಡಿ ಕೂರಿಸುವುದು ಆ ಒಬ್ಬರಿಗೂ ಬೇಸರ, ಉಳಿದವರಿಗೂ ಬೇಸರ.

ಅಮೆರಿಕೆಗೆ ಬಂದ ಮೇಲೂ ಆಟ ಬಹುಕಾಲ ಹಳೆಯ ರೂಪದಲ್ಲೇ ಇತ್ತು. ಕ್ಯಾಲಿಫೋರ್ನಿಯಾದ ಚಿನ್ನದ ದಿನಗಳಲ್ಲಿ, 1854ರಲ್ಲಿ, ಎಲಿನೋರ್ ಡ್ಯೂಮಾಂಟ್ ಎಂಬ ಮಹಿಳೆ ನೆವಾಡಾ ಸಿಟಿ ಎಂಬ ಗಣಿ ಊರಿನಲ್ಲಿ ತೆರೆದ ಜೂಜುಮನೆಗೆ ಆಟದ ಹೆಸರನ್ನೇ ಇಟ್ಟಿದ್ದಳು. ಒಬ್ಬರೇ ಶಾಶ್ವತವಾಗಿ ಬ್ಯಾಂಕು ಹಿಡಿದು, ಉಳಿದವರೆಲ್ಲ ಶಾಶ್ವತವಾಗಿ ಎದುರು ಕೂರುವ ವ್ಯವಸ್ಥೆ ಇಂಥ ಮನೆಗಳಲ್ಲಿ ಗಟ್ಟಿಯಾಯಿತು. ಆದರೆ ಬ್ಯಾಂಕು ಎಂದೂ ಕೈ ಬದಲಿಸದಿದ್ದರೆ ಹಳೆಯ ನಿಯಮಗಳಡಿ ಎದುರಿನವನಿಗೆ ಉಳಿಯುವುದು ಸೋಲೊಂದೇ, ಮತ್ತು ಬರೇ ಸೋಲಿಗಾಗಿ ಯಾರೂ ಮತ್ತೆ ಮತ್ತೆ ಬರುವುದಿಲ್ಲ. ಆಟಗಾರನಿಗೆ ಒಂದಷ್ಟನ್ನು ಬಿಟ್ಟುಕೊಡಲೇಬೇಕಾಯಿತು. ಸಮವಾದರೆ ಪಣ ವಾಪಸು. ಡೀಲರ್‌ನ ಒಂದು ಎಲೆ ತೆರೆದೇ ಇರಬೇಕು. ಅವನು 16ರವರೆಗೆ ಎಲೆ ತೆಗೆದುಕೊಳ್ಳಲೇಬೇಕು, 17ಕ್ಕೆ ನಿಲ್ಲಲೇಬೇಕು. ಆಟಗಾರ ಬೇಕೆಂದಾಗ ಪಣವನ್ನು ದುಪ್ಪಟ್ಟು ಮಾಡಿ ಒಂದೇ ಎಲೆ ಪಡೆಯಬಹುದು (ಡಬಲ್), ಜೋಡಿ ಬಂದರೆ ಎರಡು ಕೈಯಾಗಿ ಒಡೆಯಬಹುದು (ಸ್ಪ್ಲಿಟ್). ಬ್ಲ್ಯಾಕ್‌ಜಾಕ್ ಬಂದರೆ ಎರಡಕ್ಕೆ ಮೂರರಂತೆ ಹಣ. 1931ರಲ್ಲಿ ನೆವಾಡಾ ರಾಜ್ಯ ಜೂಜನ್ನು ಕಾನೂನುಬದ್ಧಗೊಳಿಸಿದ ಮೇಲಿನ ದಶಕಗಳಲ್ಲಿ ಈ ಕಟ್ಟಳೆಗಳು ನೆಲೆಯೂರಿದವು.

ಇಷ್ಟೆಲ್ಲ ಬಿಟ್ಟುಕೊಟ್ಟೂ ಕ್ಯಾಸಿನೊ ಗೆಲ್ಲುವುದು ಹೇಗೆ ಎಂಬುದನ್ನು ಆಯ್ಕೆಗೆ ಮೊದಲು ಅರಿಯಬೇಕು. ಆಟಗಾರ ಮೊದಲು ಆಡುತ್ತಾನೆ. ಅವನು ಬಸ್ಟ್ ಆದ ಕೂಡಲೇ ಅವನ ಪಣ ತೆಗೆಯಲಾಗುತ್ತದೆ. ಆಮೇಲೆ ಡೀಲರ್ ಕೂಡ ಬಸ್ಟ್ ಆದರೆ ಅದು ಯಾರಿಗೂ ನೆನಪಿಲ್ಲ. ಡೀಲರ್ ನೂರರಲ್ಲಿ ಸುಮಾರು 28 ಬಾರಿ ಬಸ್ಟ್ ಆಗುತ್ತಾನೆ. ಆಟಗಾರನೂ ಅವನಂತೆಯೇ ಆಡಿದರೆ ಇಬ್ಬರೂ ಒಟ್ಟಿಗೆ ಬಸ್ಟ್ ಆಗುವ ಸಂದರ್ಭ ಶೇ. 8ರ ಆಸುಪಾಸು, ಮತ್ತು ಕ್ಯಾಸಿನೊದ ಸಂಪಾದನೆಯ ಬೇರು ಅಲ್ಲಿಯೇ ಇದೆ. ಉಳಿದ ನಿಯಮಗಳೆಲ್ಲ ಆ ಎಂಟರಲ್ಲಿ ಎಷ್ಟನ್ನು ಆಟಗಾರನಿಗೆ ಹಿಂದಿರುಗಿಸಬೇಕು ಎಂಬುದರ ತೀರ್ಮಾನಗಳು. ಒಂದು ಮೇಜು ಹಿಂದಿರುಗಿಸುವುದು ಎಷ್ಟು, ಉಳಿಸಿಕೊಳ್ಳುವುದು ಎಷ್ಟು ಎಂಬುದನ್ನೇ ಮುಂದೆ ಹೋಲಿಸಿ ನೋಡೋಣ. ಕ್ಯಾಸಿನೊಗೆ ಉಳಿಯುವ ಆ ಪಾಲನ್ನು ಮೇಲುಗೈ ಎಂದು ಕರೆಯೋಣ.

ಒಂದು ಕಟ್ಟೋ, ಆರು ಕಟ್ಟೋ

ನೆವಾಡಾದ ಲಾಸ್ ವೇಗಸ್ಸಿನಲ್ಲಿ ಮೊದಲಿಗೆ ಆಟ ನಡೆಯುತ್ತಿದ್ದದ್ದು ಒಂದೇ ಕಟ್ಟಿನ 52 ಎಲೆಗಳಿಂದ, ಡೀಲರ್ ಅದನ್ನು ಕೈಯಲ್ಲೇ ಹಿಡಿದು ಹಂಚುತ್ತಿದ್ದ. ಈ ಆಟವನ್ನು ಗಣಿತದ ಕಣ್ಣಿನಿಂದ ಪೂರ್ತಿಯಾಗಿ ನೋಡಿದ ಮೊದಲಿಗರು ಅಮೆರಿಕದ ಸೇನೆಯಲ್ಲಿದ್ದ ನಾಲ್ವರು: ರೋಜರ್ ಬಾಲ್ಡ್ವಿನ್, ವಿಲ್ಬರ್ಟ್ ಕ್ಯಾಂಟಿ, ಹರ್ಬರ್ಟ್ ಮೈಸೆಲ್ ಮತ್ತು ಜೇಮ್ಸ್ ಮೆಕ್‌ಡರ್ಮಾಟ್. ಮೇರಿಲ್ಯಾಂಡ್ ರಾಜ್ಯದ ಅಬರ್ಡೀನ್ ಸೇನಾನೆಲೆಯಲ್ಲಿ ಇದ್ದ ಮೇಜಿನ ಲೆಕ್ಕಯಂತ್ರಗಳನ್ನು ಬಳಸಿ, ಡೀಲರ್‌ನ ತೆರೆದ ಎಲೆಗೂ ಆಟಗಾರನ ಕೈಗೂ ಇರುವ ಪ್ರತಿ ಜೋಡಣೆಯಲ್ಲಿ ಏನು ಮಾಡುವುದು ಲಾಭ ಎಂಬುದನ್ನು ಅವರು ಲೆಕ್ಕ ಹಾಕಿದರು. 1956ರಲ್ಲಿ ಅಮೆರಿಕದ ಸಂಖ್ಯಾಶಾಸ್ತ್ರ ಸಂಘದ ನಿಯತಕಾಲಿಕೆಯಲ್ಲಿ ಪ್ರಕಟವಾದ ಅವರ ಲೇಖನದ ಪ್ರಕಾರ, ಸರಿಯಾಗಿ ಆಡಿದರೆ ಕ್ಯಾಸಿನೊದ ಮೇಲುಗೈ ಶೇ. 0.62 ಮಾತ್ರ. ಕಂಪ್ಯೂಟರ್ ಇಲ್ಲದೆ ಕೈಯಲ್ಲೇ ಮಾಡಿದ ಲೆಕ್ಕ ಸತ್ಯಕ್ಕೆ ಇಷ್ಟು ಹತ್ತಿರ ಬಂದದ್ದು ಈ ಆಟದ ಚರಿತ್ರೆಯಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಮೆಚ್ಚುಗೆಯಾಗುವ ಸಂಗತಿ. ಇಂದು ‘ಬೇಸಿಕ್ ಸ್ಟ್ರಾಟಜಿ’ ಎಂಬ ಹೆಸರಿನಲ್ಲಿ ಸಿಗುವ ಪಟ್ಟಿಗಳೆಲ್ಲ ಆ ಲೇಖನದ ಸಂತತಿ. ಈ ಲೇಖನದಲ್ಲಿ ಮೇಲುಗೈಯ ಬಗ್ಗೆ ನಾನು ಕೊಡುವ ಅಂಕಿಗಳೆಲ್ಲವೂ ಆ ಪಟ್ಟಿಯನ್ನು ತಪ್ಪದೆ ಪಾಲಿಸುವ ಆಟಗಾರನಿಗೆ ಅನ್ವಯಿಸುತ್ತವೆ; ಮನಸ್ಸಿಗೆ ತೋಚಿದಂತೆ ಆಡುವವನು ಇದಕ್ಕಿಂತ ಎಷ್ಟೋ ಹೆಚ್ಚು ಕಳೆದುಕೊಳ್ಳುತ್ತಾನೆ.

ಆ ಲೇಖನವನ್ನು ಓದಿದವರಲ್ಲಿ ಎಡ್ವರ್ಡ್ ಥಾರ್ಪ್ ಎಂಬ ಯುವ ಗಣಿತಜ್ಞ ಒಬ್ಬ. ಒಮ್ಮೆ ಬಿದ್ದ ಎಲೆ ಮತ್ತೆ ಕಲಸುವವರೆಗೆ ಬರುವುದಿಲ್ಲವಾದ್ದರಿಂದ ಉಳಿದ ಕಟ್ಟಿನ ಸ್ವಭಾವ ಆಟದುದ್ದಕ್ಕೂ ಬದಲಾಗುತ್ತಲೇ ಇರುತ್ತದೆ ಎಂಬುದನ್ನು ಅವನು ಹಿಡಿದ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಐಬಿಎಂ 704 ಕಂಪ್ಯೂಟರಿನಲ್ಲಿ ಲೆಕ್ಕ ಮಾಡಿದಾಗ, ಐದರ ನಾಲ್ಕೂ ಎಲೆಗಳು ಹೊರಬಿದ್ದ ಮೇಲೆ ಆಟಗಾರನಿಗೇ ಶೇ. 3ಕ್ಕಿಂತ ಹೆಚ್ಚಿನ ಅನುಕೂಲವಿದೆ ಎಂದು ಗೊತ್ತಾಯಿತು. ಸಣ್ಣ ಎಲೆಗಳು ಕಡಿಮೆಯಾಗಿ ಹತ್ತು ಮತ್ತು ಎಕ್ಕಗಳು ಹೆಚ್ಚು ಉಳಿದಾಗ, 16ಕ್ಕೂ ಎಲೆ ತೆಗೆಯಲೇಬೇಕಾದ ಡೀಲರ್ ಹೆಚ್ಚು ಬಾರಿ ಬಸ್ಟ್ ಆಗುತ್ತಾನೆ, ಬ್ಲ್ಯಾಕ್‌ಜಾಕ್ ಹೆಚ್ಚು ಬರುತ್ತದೆ, ಮತ್ತು ಅದಕ್ಕೆ ಒಂದೂವರೆಪಟ್ಟು ಹಣ ಸಿಗುವುದು ಆಟಗಾರನಿಗೆ ಮಾತ್ರ. 1961ರಲ್ಲಿ ಇಬ್ಬರು ಧನಿಕರು ಒದಗಿಸಿದ 10,000 ಡಾಲರ್ ಹಿಡಿದು ನೆವಾಡಾಕ್ಕೆ ಹೋದ ಥಾರ್ಪ್ ಅದನ್ನು ದುಪ್ಪಟ್ಟಿಗಿಂತ ಹೆಚ್ಚು ಮಾಡಿಕೊಂಡು ಬಂದ. 1962ರಲ್ಲಿ, ಬಿದ್ದ ಎಲೆಗಳನ್ನು ಎಣಿಸಿ ಅದಕ್ಕೆ ತಕ್ಕಂತೆ ಪಣ ಕಟ್ಟುವ ಇಡೀ ವಿಧಾನವನ್ನು ಪುಸ್ತಕವಾಗಿ ಹೊರತಂದ.

ಕ್ಯಾಸಿನೊಗಳು ಮೊದಲು ಮಾಡಿದ ಕೆಲಸ ದುಡುಕಿನದು. 1964ರ ಏಪ್ರಿಲ್ 1ರಿಂದ ಲಾಸ್ ವೇಗಸ್ಸಿನ ಕ್ಯಾಸಿನೊಗಳ ಒಕ್ಕೂಟ, ಎಕ್ಕದ ಜೋಡಿಯನ್ನು ಒಡೆಯುವಂತಿಲ್ಲ, 11ನ್ನು ಬಿಟ್ಟು ಬೇರೆ ಮೊತ್ತಕ್ಕೆ ಡಬಲ್ ಮಾಡುವಂತಿಲ್ಲ ಎಂದು ಕಟ್ಟಳೆ ಮಾಡಿತು. ಜನ ಮೇಜುಗಳಿಂದ ಎದ್ದು ಹೋದರು. ಎಲೆ ಎಣಿಸಲು ಬಾರದ ಸಾಮಾನ್ಯ ಆಟಗಾರರು ಎದ್ದು ಹೋದರೆಂಬುದು ಗಮನಿಸಬೇಕಾದ ಅಂಶ, ಏಕೆಂದರೆ ಕ್ಯಾಸಿನೊ ಬದುಕಿದ್ದದ್ದು ಅವರಿಂದಲೇ. ಕೆಲವೇ ವಾರಗಳಲ್ಲಿ ಹಳೆಯ ನಿಯಮಗಳು ಮರಳಿ ಬಂದವು. ಅಲ್ಲಿಂದ ಮುಂದೆ ಕ್ಯಾಸಿನೊಗಳು ಹಿಡಿದ ದಾರಿ ನಿಧಾನದ್ದು: ಒಂದು ಕಟ್ಟಿನ ಜಾಗದಲ್ಲಿ ನಾಲ್ಕು, ಆರು, ಎಂಟು ಕಟ್ಟುಗಳನ್ನು ಬೆರೆಸಿ ‘ಶೂ’ ಎಂಬ ಪೆಟ್ಟಿಗೆಯಿಂದ ಹಂಚುವುದು, ಮತ್ತು ಪೆಟ್ಟಿಗೆ ಮುಗಿಯುವ ಮೊದಲೇ ಕಲಸಿಬಿಡುವುದು.

ಕಟ್ಟು ಹೆಚ್ಚಿದರೆ ಎಣಿಸದ ಆಟಗಾರನಿಗೂ ನಷ್ಟವಿದೆ. ನಿಮ್ಮ ಕೈಯಲ್ಲಿ 6 ಮತ್ತು 5 ಇದ್ದು, ಡೀಲರ್ ಎದುರು ಏಳು ತೆರೆದಿದೆ ಎಂದುಕೊಳ್ಳಿ. ಡಬಲ್ ಮಾಡಿದಾಗ ನಿಮಗೆ ಬೇಕಾದದ್ದು ಹತ್ತು. ಒಂದು ಕಟ್ಟಿನಲ್ಲಿ ನೀವು ಕಾಣದ 49 ಎಲೆಗಳಲ್ಲಿ 16 ಹತ್ತುಗಳಿವೆ, ಅಂದರೆ ಶೇ. 32.7; ಆರು ಕಟ್ಟುಗಳಲ್ಲಿ 309ಕ್ಕೆ 96, ಅಂದರೆ ಶೇ. 31.1. ಇಂಥ ಸಣ್ಣ ಸಣ್ಣ ವ್ಯತ್ಯಾಸಗಳೆಲ್ಲ ಕೂಡಿ, ಉಳಿದ ನಿಯಮಗಳು ಒಂದೇ ಆಗಿದ್ದರೆ, ಒಂದು ಕಟ್ಟಿಗೂ ಆರು ಕಟ್ಟಿಗೂ ಮೇಲುಗೈಯಲ್ಲಿ ಸುಮಾರು ಶೇ. 0.5ರ ಅಂತರವಾಗುತ್ತದೆ. ಈ ಅಂತರದ ಬಹುಪಾಲು ಒಂದರಿಂದ ಎರಡು ಕಟ್ಟಿಗೆ ಹೋಗುವಾಗಲೇ ಬರುತ್ತದೆ. ಆರಕ್ಕೂ ಎಂಟಕ್ಕೂ ನಡುವೆ ತಲೆಕೆಡಿಸಿಕೊಳ್ಳುವಂಥದ್ದೇನೂ ಇಲ್ಲ.

ಹಾಗಾದರೆ ಒಂದು ಕಟ್ಟಿನ ಮೇಜನ್ನೇ ಹುಡುಕಬೇಕೇ? 2000ದ ಮೊದಲಾಗಿದ್ದರೆ ಹೌದು ಎಂದು ನಿಸ್ಸಂಕೋಚವಾಗಿ ಹೇಳಬಹುದಾಗಿತ್ತು. ಈಗ ಉತ್ತರ ಬೇರೆ, ಮತ್ತು ಅದಕ್ಕೆ ಕಾರಣ ಮುಂದಿನ ಹೋಲಿಕೆಯಲ್ಲಿದೆ.

ಎರಡಕ್ಕೆ ಮೂರೋ, ಐದಕ್ಕೆ ಆರೋ

ಈ ಲೇಖನದಲ್ಲಿ ಒಂದನ್ನೇ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಬೇಕು. ಬ್ಲ್ಯಾಕ್‌ಜಾಕ್ ಬಂದಾಗ ನೂರು ರೂಪಾಯಿ ಪಣಕ್ಕೆ ನೂರೈವತ್ತು ಕೊಡುವುದು ಹಳೆಯ ಕ್ರಮ, ಎರಡಕ್ಕೆ ಮೂರು. 2003ರ ಆಸುಪಾಸಿನಿಂದ ಲಾಸ್ ವೇಗಸ್ಸಿನಲ್ಲಿ ಹಬ್ಬಿದ ಹೊಸ ಕ್ರಮದಲ್ಲಿ ಅದೇ ನೂರಕ್ಕೆ ನೂರಿಪ್ಪತ್ತು ಮಾತ್ರ, ಐದಕ್ಕೆ ಆರು. ಮೊದಲಿಗೆ ಇದು ಬಂದದ್ದು ಒಂದು ಕಟ್ಟಿನ ಮೇಜುಗಳಿಗೇ. ಒಂದು ಕಟ್ಟಿನ ಆಟ ಆಟಗಾರನಿಗೆ ಒಳ್ಳೆಯದು ಎಂದು ದಶಕಗಳಿಂದ ಪುಸ್ತಕಗಳು ಹೇಳಿಕೊಟ್ಟಿದ್ದವು. ಆ ಮಾತನ್ನು ಅರ್ಧ ಕೇಳಿದ್ದವರು ಒಂದು ಕಟ್ಟನ್ನು ಕಂಡು ಸಂತೋಷದಿಂದ ಬಂದು ಕುಳಿತರು, ಬಟ್ಟೆಯ ಮೇಲೆ ಅಚ್ಚಾಗಿದ್ದ ಅಂಕಿಯನ್ನು ಓದಲಿಲ್ಲ. 1964ರಲ್ಲಿ ಬಹಿರಂಗವಾಗಿ ಮಾಡಲು ಹೋಗಿ ಸೋತದ್ದನ್ನು ಕ್ಯಾಸಿನೊಗಳು ನಲವತ್ತು ವರ್ಷಗಳ ನಂತರ ಸದ್ದಿಲ್ಲದೆ ಮಾಡಿ ಗೆದ್ದವು. ಡಬಲ್ ಮತ್ತು ಸ್ಪ್ಲಿಟ್ ಮಾಡುವ ಹಕ್ಕನ್ನು ಕಿತ್ತುಕೊಂಡರೆ ಆಟಗಾರನಿಗೆ ಪ್ರತಿ ಆಟದಲ್ಲೂ ಕಾಣುತ್ತದೆ. ಬ್ಲ್ಯಾಕ್‌ಜಾಕ್ ಬಂದ ಸಂತೋಷದಲ್ಲಿ ಮೂವತ್ತು ರೂಪಾಯಿ ಕಡಿಮೆ ಬಂದದ್ದು ಕಾಣುವುದಿಲ್ಲ.

ಲೆಕ್ಕ ಮಾಡಿ ನೋಡೋಣ. 52 ಎಲೆಗಳಿಂದ ಎರಡನ್ನು ತೆಗೆಯುವ 1,326 ಬಗೆಗಳಲ್ಲಿ 64 ಬಗೆಗಳು ಬ್ಲ್ಯಾಕ್‌ಜಾಕ್. ಅಂದರೆ ಸುಮಾರು 21 ಆಟಕ್ಕೊಮ್ಮೆ. ಡೀಲರ್‌ಗೂ ಅದೇ ಬಂದು ಸಮವಾಗುವ ಕೆಲವು ಸಂದರ್ಭಗಳನ್ನು ಕಳೆದರೆ, ಎರಡಕ್ಕೆ ಮೂರರ ಹೆಚ್ಚುವರಿ ಹಣ ಆಟಗಾರನಿಗೆ ಹಿಂದಿರುಗಿಸುವುದು ಪಣದ ಸುಮಾರು ಶೇ. 2.3. ಐದಕ್ಕೆ ಆರರಲ್ಲಿ ಅದರಿಂದ ಶೇ. 1.4ರಷ್ಟು ಹೋಗುತ್ತದೆ. ಒಂದು ಕಟ್ಟು ಕೊಟ್ಟ ಅರ್ಧ ಪರ್ಸೆಂಟಿನ ಅನುಕೂಲ ಇದರ ಮುಂದೆ ಯಾವ ಲೆಕ್ಕಕ್ಕೂ ಇಲ್ಲ. ಆದ್ದರಿಂದ ಐದಕ್ಕೆ ಆರರ ಒಂದು ಕಟ್ಟಿನ ಮೇಜಿಗಿಂತ ಎರಡಕ್ಕೆ ಮೂರರ ಆರು ಕಟ್ಟಿನ ಮೇಜು ಎಷ್ಟೋ ಮೇಲು. ಇನ್ನೂ ಕೆಟ್ಟದ್ದು, ಐದಕ್ಕೆ ಆರು ಈಗ ಆರು ಕಟ್ಟಿನ ಮೇಜುಗಳಿಗೂ ಹರಡಿದೆ. ಅಲ್ಲಿ ಮೇಲುಗೈ ಶೇ. 2ರ ಹತ್ತಿರ. ಗಂಟೆಗೆ 60 ಆಟ, ಆಟಕ್ಕೆ ಸಾವಿರ ರೂಪಾಯಿ ಎಂದು ಹಿಡಿದರೆ, ಒಳ್ಳೆಯ ಮೇಜಿನಲ್ಲಿ ಗಂಟೆಯ ಸರಾಸರಿ ನಷ್ಟ ಸುಮಾರು 240 ರೂಪಾಯಿ, ಇಂಥ ಮೇಜಿನಲ್ಲಿ 1,200. ಪಣದ ಕನಿಷ್ಠ ಮೊತ್ತ ಕಡಿಮೆ ಇರುವ ಮೇಜುಗಳಲ್ಲೇ ಐದಕ್ಕೆ ಆರು ಹೆಚ್ಚಾಗಿ ಕಾಣುವುದರಿಂದ, ಕಡಿಮೆ ದುಡ್ಡಿನವನು ಅಗ್ಗವೆಂದು ಕುಳಿತ ಮೇಜೇ ದುಬಾರಿಯಾಗುತ್ತದೆ. ಇದು ನನಗೆ ಸಿಟ್ಟು ತರಿಸುವ ವಿಷಯ.

ಹದಿನೇಳರ ಪ್ರಶ್ನೆ ಮತ್ತು ಇತರ ಸಣ್ಣ ಅಕ್ಷರಗಳು

ಎಕ್ಕ ಮತ್ತು ಆರು ಕೂಡಿದರೆ ಅದು ಏಳೂ ಹೌದು, ಹದಿನೇಳೂ ಹೌದು. ಇದನ್ನು ಸಾಫ್ಟ್ 17 ಎನ್ನುತ್ತಾರೆ. ಡೀಲರ್‌ಗೆ ಇದು ಬಂದಾಗ ನಿಲ್ಲಬೇಕೋ ಇನ್ನೊಂದು ಎಲೆ ತೆಗೆಯಬೇಕೋ ಎಂಬುದು ಮೇಜಿನ ಬಟ್ಟೆಯ ಮೇಲೆ ಸಾಮಾನ್ಯವಾಗಿ ಅಚ್ಚಾಗಿರುತ್ತದೆ. ತೆಗೆದರೆ ಅವನು ಕೆಲವೊಮ್ಮೆ ಬಸ್ಟ್ ಆಗುತ್ತಾನೆ ನಿಜ, ಆದರೆ ದುರ್ಬಲವಾದ ಹದಿನೇಳನ್ನು ಸುಧಾರಿಸಿಕೊಳ್ಳುವುದೇ ಹೆಚ್ಚು, ಆಟಗಾರನಿಗೆ ಶೇ. 0.2ರಷ್ಟು ನಷ್ಟ. ಒಡೆದ ಜೋಡಿಯ ಮೇಲೂ ಡಬಲ್ ಮಾಡಲು ಬಿಟ್ಟರೆ ಶೇ. 0.14 ಲಾಭ. 10 ಮತ್ತು 11ಕ್ಕೆ ಮಾತ್ರ ಡಬಲ್ ಎಂದರೆ ಶೇ. 0.2ರ ಹತ್ತಿರ ನಷ್ಟ. ಎರಡಕ್ಕೆ ಮೂರು ಕೊಡುವ, ಎಲ್ಲ ಹದಿನೇಳಕ್ಕೂ ಡೀಲರ್ ನಿಲ್ಲುವ, ಒಡೆದ ಮೇಲೆ ಡಬಲ್‌ಗೆ ಅವಕಾಶವಿರುವ ಆರು ಕಟ್ಟಿನ ಮೇಜಿನಲ್ಲಿ ಮೇಲುಗೈ ಸುಮಾರು ಶೇ. 0.4, ಮೊದಲು ಹೇಳಿದ ನಲವತ್ತು ಪೈಸೆಯ ಮೇಜು ಇದೇ.

ಸರೆಂಡರ್, ಅಂದರೆ ಅರ್ಧ ಪಣ ಬಿಟ್ಟುಕೊಟ್ಟು ಆಟದಿಂದ ಹಿಂದೆ ಸರಿಯುವ ಅವಕಾಶ, ಎರಡು ಬಗೆಯದು. ಡೀಲರ್ ತನ್ನಲ್ಲಿ ಬ್ಲ್ಯಾಕ್‌ಜಾಕ್ ಇಲ್ಲವೆಂದು ನೋಡಿಕೊಂಡ ಮೇಲೆ ಸರಿಯುವುದು ಲೇಟ್ ಸರೆಂಡರ್, ಅದರಿಂದ ಸಿಗುವ ಲಾಭ ಶೇ. 0.1ಕ್ಕಿಂತ ಕಡಿಮೆ. ನೋಡಿಕೊಳ್ಳುವ ಮೊದಲೇ ಸರಿಯುವ ಅರ್ಲಿ ಸರೆಂಡರ್‌ನ ಲಾಭ ಶೇ. 0.6ರಷ್ಟು. ನ್ಯೂಜೆರ್ಸಿಯ ಅಟ್ಲಾಂಟಿಕ್ ಸಿಟಿಯಲ್ಲಿ 1978ರಲ್ಲಿ ಮೊದಲ ಕ್ಯಾಸಿನೊ ತೆರೆದಾಗ ರಾಜ್ಯದ ನಿಯಂತ್ರಣ ಮಂಡಳಿ ಅರ್ಲಿ ಸರೆಂಡರ್ ಅನ್ನು ನಿಯಮದಲ್ಲೇ ಸೇರಿಸಿತ್ತು, ಮತ್ತು ಉಳಿದ ಉದಾರ ನಿಯಮಗಳ ಜೊತೆ ಅದು ಸೇರಿ, ಎಲೆ ಎಣಿಸದ ಆಟಗಾರನಿಗೂ ಕ್ಯಾಸಿನೊ ಮೇಲೆ ಕೂದಲೆಳೆಯಷ್ಟು ಅನುಕೂಲವಿತ್ತು. 1981ರಲ್ಲಿ ಅದನ್ನು ತೆಗೆದರು. ಈಗ ಎಲ್ಲಾದರೂ ಅರ್ಲಿ ಸರೆಂಡರ್ ಇದೆ ಎಂದು ಕಂಡರೆ ಉಳಿದ ನಿಯಮಗಳನ್ನು ಎರಡು ಬಾರಿ ಓದಬೇಕು, ಏಕೆಂದರೆ ಅದರ ಬೆಲೆಯನ್ನು ಬೇರೆಲ್ಲೋ ವಸೂಲಿ ಮಾಡಿರುವ ಸಾಧ್ಯತೆಯೇ ಹೆಚ್ಚು.

ಅಮೆರಿಕದ ಮೇಜಿಗೂ ಯುರೋಪಿನ ಮೇಜಿಗೂ ಇರುವ ಮುಖ್ಯ ಭೇದ ಡೀಲರ್‌ನ ಎರಡನೆಯ ಎಲೆಯದು. ಅಮೆರಿಕದಲ್ಲಿ ಅವನು ಅದನ್ನು ಮೊದಲೇ ಮುಚ್ಚಿಟ್ಟು ತೆಗೆದುಕೊಂಡು, ಎಕ್ಕ ಅಥವಾ ಹತ್ತು ತೆರೆದಿದ್ದರೆ ಕೂಡಲೇ ಇಣುಕಿ ನೋಡುತ್ತಾನೆ. ಬ್ಲ್ಯಾಕ್‌ಜಾಕ್ ಇದ್ದರೆ ನಿಮ್ಮ ಮೊದಲ ಪಣ ಮಾತ್ರ ಹೋಗುತ್ತದೆ. ಬ್ರಿಟನ್ನಿನಲ್ಲೂ ಯುರೋಪಿನ ಬಹುಭಾಗದಲ್ಲೂ ಅವನು ಎರಡನೆಯ ಎಲೆಯನ್ನು ತೆಗೆಯುವುದೇ ಎಲ್ಲರ ಆಟ ಮುಗಿದ ಮೇಲೆ. ನೀವು ಡಬಲ್ ಮಾಡಿ ಅಥವಾ ಒಡೆದು ಪಣ ಹೆಚ್ಚಿಸಿದ್ದರೆ, ಕೊನೆಯಲ್ಲಿ ಅವನಿಗೆ ಬ್ಲ್ಯಾಕ್‌ಜಾಕ್ ಬಂದಾಗ ಎಲ್ಲವೂ ಹೋಗುತ್ತದೆ. ನಷ್ಟ ಶೇ. 0.1ರಷ್ಟೇ, ಆದರೆ ಅಷ್ಟಕ್ಕೇ ನಿಲ್ಲಬೇಕಾದರೆ ಆಡುವ ಕ್ರಮವನ್ನೂ ಬದಲಿಸಬೇಕು: ಎದುರು ಎಕ್ಕ ಅಥವಾ ಹತ್ತು ಇದ್ದಾಗ 11ನ್ನು ಡಬಲ್ ಮಾಡಬಾರದು, 8ರ ಜೋಡಿಯನ್ನು ಒಡೆಯಬಾರದು. ಅಮೆರಿಕದ ಪಟ್ಟಿಯನ್ನು ಬಾಯಿಪಾಠ ಮಾಡಿಕೊಂಡು ಲಂಡನ್ನಿನಲ್ಲಿ ಕೂರುವವರು ಎಡವುವುದು ಇಲ್ಲಿಯೇ. ಭಾರತದಲ್ಲಿ ಆಡುವವರೂ ಕೂರುವ ಮೊದಲು ಡೀಲರ್‌ನನ್ನು ಇದೊಂದು ಕೇಳಿ ತಿಳಿದುಕೊಳ್ಳಬೇಕು. ಕೇಳಿದರೆ ಅವರು ಹೇಳುತ್ತಾರೆ.

ಎಲೆ ಎಣಿಸುವ ಆಸೆ ಇರುವವರಿಗೆ ಸ್ಥಳವೂ ಒಂದು ಆಯ್ಕೆಯೇ. ನೆವಾಡಾದಲ್ಲಿ ಎಣಿಸುವವನನ್ನು ಕ್ಯಾಸಿನೊ ಹೊರಗೆ ಕಳಿಸಬಹುದು. ಎಲೆ ಎಣಿಸುತ್ತಿದ್ದ ಆಟಗಾರ ಕೆನ್ ಉಸ್ಟನ್ ಹೂಡಿದ ಮೊಕದ್ದಮೆಯಲ್ಲಿ ನ್ಯೂಜೆರ್ಸಿಯ ಸುಪ್ರೀಂ ಕೋರ್ಟ್ 1982ರಲ್ಲಿ, ಚೆನ್ನಾಗಿ ಆಡುತ್ತಾನೆಂಬ ಕಾರಣಕ್ಕೆ ಯಾರನ್ನೂ ಕ್ಯಾಸಿನೊ ತಾನಾಗಿ ನಿರ್ಬಂಧಿಸುವಂತಿಲ್ಲ ಎಂದು ತೀರ್ಪು ಕೊಟ್ಟಿತು. ಅದು ದೊಡ್ಡ ಗೆಲುವೇ, ಆದರೆ ಕ್ಯಾಸಿನೊಗಳು ಹೆಚ್ಚು ಕಟ್ಟುಗಳನ್ನು ಬೆರೆಸುವ, ಬೇಗ ಕಲಸುವ ಹಾದಿ ಹಿಡಿದದ್ದರಿಂದ ಹೊರಗೆ ಹಾಕದೆಯೂ ಎಣಿಕೆಯನ್ನು ನಿಷ್ಫಲಗೊಳಿಸುವುದು ಸಾಧ್ಯವಾಯಿತು. ಬಿದ್ದ ಎಲೆಗಳನ್ನು ಪ್ರತಿ ಆಟದ ನಂತರ ಮತ್ತೆ ಒಳಗೆ ಸೇರಿಸಿಕೊಳ್ಳುವ ಕಲಸುವ ಯಂತ್ರವಿರುವ ಮೇಜಿನಲ್ಲಂತೂ ಎಣಿಸುವುದಕ್ಕೆ ಏನೂ ಉಳಿಯುವುದಿಲ್ಲ. ಎಣಿಸದವರಿಗೂ ಆ ಯಂತ್ರದಿಂದ ಒಂದು ತೊಂದರೆಯಿದೆ: ಕಲಸುವ ಬಿಡುವೇ ಇಲ್ಲದ್ದರಿಂದ ಗಂಟೆಗೆ ನಡೆಯುವ ಆಟಗಳು ಹೆಚ್ಚುತ್ತವೆ, ಮೇಲುಗೈ ಅಷ್ಟೇ ಇದ್ದರೂ ಗಂಟೆಯ ನಷ್ಟ ಏರುತ್ತದೆ.

ಹೊಸ ಅವತಾರಗಳು

1995ರಲ್ಲಿ ಬಂದ ಸ್ಪ್ಯಾನಿಶ್ 21ರಲ್ಲಿ ಪ್ರತಿ ಕಟ್ಟಿನಿಂದ ಹತ್ತರ ನಾಲ್ಕು ಎಲೆಗಳನ್ನು ತೆಗೆದುಹಾಕಿ 48 ಎಲೆಗಳಲ್ಲಿ ಆಡುತ್ತಾರೆ; ಗುಲಾಮ, ರಾಣಿ, ರಾಜರು ಉಳಿಯುತ್ತಾರೆ. ಹತ್ತುಗಳು ಆಟಗಾರನಿಗೆ ಅನುಕೂಲ ಎಂಬ ಥಾರ್ಪ್‌ನ ಪಾಠವನ್ನು ಕ್ಯಾಸಿನೊ ತನಗಾಗಿ ಬಳಸಿಕೊಂಡ ಬಗೆ ಇದು. ಅದಕ್ಕೆ ಬದಲಾಗಿ ಆಟಗಾರನ 21 ಯಾವಾಗಲೂ ಗೆಲ್ಲುತ್ತದೆ, ಎಷ್ಟು ಎಲೆ ಬಂದ ಮೇಲೂ ಡಬಲ್ ಮಾಡಬಹುದು, ಐದು ಅಥವಾ ಹೆಚ್ಚು ಎಲೆಗಳ 21ಕ್ಕೆ ಹೆಚ್ಚಿನ ಹಣವಿದೆ. ಡೀಲರ್ ಸಾಫ್ಟ್ 17ಕ್ಕೆ ನಿಲ್ಲುವುದಾದರೆ ಮೇಲುಗೈ ಶೇ. 0.4, ಎಲೆ ತೆಗೆಯುವುದಾದರೆ ಶೇ. 0.76ರ ಸುಮಾರು, ಐದಕ್ಕೆ ಆರರ ಸಾದಾ ಮೇಜಿಗಿಂತ ಎರಡೂ ಮೇಲು. ಆದರೆ ಇದಕ್ಕೆ ಬೇರೆಯದೇ ಪಟ್ಟಿ ಕಲಿಯಬೇಕು. ಹಳೆಯ ಪಟ್ಟಿಯಿಂದಲೇ ಇದನ್ನು ಆಡುವವರಿಗೆ ಈ ಅಂಕಿಗಳು ಸಲ್ಲುವುದಿಲ್ಲ. ಆಸ್ಟ್ರೇಲಿಯಾದಲ್ಲಿ ಇದರ ಹತ್ತಿರದ ನೆಂಟನನ್ನು ಪಾಂಟೂನ್ ಎಂದು ಕರೆಯುತ್ತಾರೆ. ಬ್ರಿಟನ್ನಿನ ಮನೆಯಾಟದೊಂದಿಗೆ ಅದನ್ನು ಬೆರೆಸಿಕೊಳ್ಳಬಾರದು.

ಡಬಲ್ ಎಕ್ಸ್‌ಪೋಷರ್ ಲಾಸ್ ವೇಗಸ್ಸಿನ ವೇಗಸ್ ವರ್ಲ್ಡ್ ಕ್ಯಾಸಿನೊದಲ್ಲಿ 1979ರಲ್ಲಿ ಮೊದಲು ಕಂಡದ್ದು. ಡೀಲರ್‌ನ ಎರಡೂ ಎಲೆಗಳು ತೆರೆದೇ ಇರುತ್ತವೆ ಎಂದರೆ ಯಾರಿಗಾದರೂ ಆಸೆ ಹುಟ್ಟುತ್ತದೆ. ಆದರೆ ಮೊತ್ತ ಸಮವಾದರೆ ಡೀಲರ್ ಗೆಲ್ಲುತ್ತಾನೆ, ಬ್ಲ್ಯಾಕ್‌ಜಾಕ್‌ಗೆ ಪಣದಷ್ಟೇ ಹಣ. ಹಳೆಯ ಪಾಂಟೂನಿನ ಬ್ಯಾಂಕರ್ ಹಕ್ಕು ಇಲ್ಲಿ ಮರಳಿ ಬಂದಿದೆ, ಬ್ಯಾಂಕು ಮಾತ್ರ ಎಂದೂ ನಿಮ್ಮ ಕೈಗೆ ಬರುವುದಿಲ್ಲ. ಜೆಫ್ ಹಾಲ್ ರೂಪಿಸಿದ ಬ್ಲ್ಯಾಕ್‌ಜಾಕ್ ಸ್ವಿಚ್‌ನಲ್ಲಿ ಎರಡು ಕೈ ಆಡಿ ಅವುಗಳ ನಡುವೆ ಎರಡನೆಯ ಎಲೆಯನ್ನು ಅದಲುಬದಲು ಮಾಡಬಹುದು. ಅವರದೇ ಫ್ರೀ ಬೆಟ್‌ನಲ್ಲಿ ಕೆಲವು ಡಬಲ್ ಮತ್ತು ಸ್ಪ್ಲಿಟ್‌ಗಳ ಪಣವನ್ನು ಕ್ಯಾಸಿನೊವೇ ಹಾಕುತ್ತದೆ. ಎರಡರಲ್ಲೂ ಡೀಲರ್ 22ಕ್ಕೆ ಬಸ್ಟ್ ಆಗುವುದಿಲ್ಲ, ಉಳಿದು ನಿಂತ ಕೈಗಳಿಗೆ ಪಣವಷ್ಟೇ ವಾಪಸು. ಲವಲವಿಕೆಯ ಆಟ ಬೇಕಾದವರಿಗೆ ಸ್ವಿಚ್ ಒಳ್ಳೆಯದು, ಸರಿಯಾದ ಪಟ್ಟಿಯೊಂದಿಗೆ ಮೇಲುಗೈ ಶೇ. 0.6ರಷ್ಟು, ಫ್ರೀ ಬೆಟ್‌ನಲ್ಲಿ ಅದು ಶೇ. 1ರ ಸುಮಾರು.

ಗೋವಾ, ಲಾಸ್ ವೇಗಸ್ ಮತ್ತು ಮೊಬೈಲಿನ ಪರದೆ

ಕರ್ನಾಟಕದಲ್ಲಿ ಕ್ಯಾಸಿನೊಗಳಿಲ್ಲ, 1963ರ ಕರ್ನಾಟಕ ಪೊಲೀಸ್ ಕಾಯ್ದೆ ಜೂಜು ಅಡ್ಡೆಗಳನ್ನು ನಿಷೇಧಿಸಿದೆ. ಹುಬ್ಬಳ್ಳಿ, ಬೆಳಗಾವಿ, ಬೆಂಗಳೂರುಗಳಿಂದ ಹೋಗುವವರಿಗೆ ಹತ್ತಿರದ್ದು ಗೋವಾ. ಅಲ್ಲಿನ ಸಾರ್ವಜನಿಕ ಜೂಜು ಕಾಯ್ದೆಗೆ 1992 ಮತ್ತು 1996ರಲ್ಲಿ ತಂದ ತಿದ್ದುಪಡಿಗಳಿಂದಾಗಿ ಪಂಚತಾರಾ ಹೋಟೆಲುಗಳಲ್ಲಿ ಯಂತ್ರದ ಆಟಗಳಿಗೂ, ಹಡಗುಗಳಲ್ಲಿ ಮೇಜಿನ ಆಟಗಳಿಗೂ ಅವಕಾಶವಾಯಿತು. ಪಣಜಿಯ ಮಾಂಡೋವಿ ನದಿಯಲ್ಲಿ ನಿಂತ ಹಡಗುಗಳಲ್ಲಿ ಡೀಲರ್ ಕೈಯಿಂದ ಎಲೆ ಹಂಚುವ ಬ್ಲ್ಯಾಕ್‌ಜಾಕ್ ಸಿಗುವುದು ಈ ಕಾರಣದಿಂದ. 21 ವರ್ಷ ತುಂಬದವರಿಗೆ ಪ್ರವೇಶವಿಲ್ಲ. ಗೋವಾದ ಮೇಜನ್ನು ಅಮೆರಿಕದ ಮೇಜಿನೊಂದಿಗೆ ಹೋಲಿಸುವಾಗ ಪ್ರವೇಶಶುಲ್ಕವನ್ನು ಮರೆಯಬಾರದು. ಲಾಸ್ ವೇಗಸ್ಸಿನ ಕ್ಯಾಸಿನೊ ಒಳಗೆ ಬರಲು ಹಣ ಕೇಳುವುದಿಲ್ಲ. ಇಲ್ಲಿ ಊಟ, ಮನರಂಜನೆ, ಒಂದಷ್ಟು ಚಿಪ್ (ಪಣಕ್ಕಿಡುವ ಬಿಲ್ಲೆ) ಎಲ್ಲ ಸೇರಿಸಿ ಮೊದಲೇ ಶುಲ್ಕ ತೆಗೆದುಕೊಳ್ಳುತ್ತಾರೆ, ಮತ್ತು ಆ ಚಿಪ್ಪುಗಳನ್ನು ನೇರವಾಗಿ ಹಣವಾಗಿ ಬದಲಿಸಿಕೊಳ್ಳಲು ಆಗುತ್ತದೆಯೇ ಎಂದು ಕೇಳಿಕೊಳ್ಳಬೇಕು. ಒಂದು ಗಂಟೆ ಆಡಿ ಬರುವವನಿಗೆ ಮೇಜಿನ ಮೇಲುಗೈಗಿಂತ ಈ ಶುಲ್ಕವೇ ದೊಡ್ಡ ಖರ್ಚು.

ಮೊಬೈಲಿನ ಆಟದ ಬಗ್ಗೆ ಹೋಲಿಕೆಯ ಅಗತ್ಯವೇ ಇಲ್ಲ. 2025ರ ಆಗಸ್ಟಿನಲ್ಲಿ ಸಂಸತ್ತು ಒಪ್ಪಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ದೇಶದಾದ್ಯಂತ ನಿಷೇಧಿಸಿದೆ. ಹಣವಿಲ್ಲದೆ ಬೇಸಿಕ್ ಸ್ಟ್ರಾಟಜಿಯನ್ನು ಅಭ್ಯಾಸ ಮಾಡಿಸುವ ಆ್ಯಪ್‌ಗಳು ಬೇರೆ. ಯಾವುದೇ ಮೇಜಿಗೆ ಹೋಗುವ ಮೊದಲು ಅವುಗಳಲ್ಲಿ ಕೆಲವು ವಾರ ಕಳೆಯುವುದು ನಿಜಕ್ಕೂ ಪ್ರಯೋಜನಕಾರಿ.

ಯಾವ ಮೇಜನ್ನು ಆರಿಸಿದರೂ ಕುಳಿತ ಮೇಲೆ ಇನ್ನೊಂದು ಆಯ್ಕೆ ಎದುರಾಗುತ್ತದೆ. ಡೀಲರ್‌ಗೆ ಎಕ್ಕ ತೆರೆದಾಗ ಅವನು ಇನ್ಶೂರೆನ್ಸ್ ಬೇಕೇ ಎಂದು ಕೇಳುತ್ತಾನೆ. ಹೆಸರು ರಕ್ಷಣೆಯದ್ದಾದರೂ ಅದು ಅವನ ಮುಚ್ಚಿದ ಎಲೆ ಹತ್ತೇ ಎಂದು ಕಟ್ಟುವ ಬೇರೊಂದು ಪಣ, ಗೆದ್ದರೆ ಒಂದಕ್ಕೆ ಎರಡು. ಆರು ಕಟ್ಟಿನಲ್ಲಿ ಆ ಎಕ್ಕವನ್ನು ಬಿಟ್ಟು ಉಳಿದ 311 ಎಲೆಗಳಲ್ಲಿ ಹತ್ತಿನ ಬೆಲೆಯವು 96, ಅಲ್ಲದವು 215. ಗೆಲುವಿನ 192ಕ್ಕೆ ಸೋಲಿನ 215 ಎಂದರೆ ಶೇ. 7.4ರ ನಷ್ಟ. ಇಷ್ಟು ಕಾಲ ಲೆಕ್ಕ ಮಾಡಿ ಆರಿಸಿದ ಮೇಜಿನ ಮೇಲುಗೈಯ ಹದಿನೆಂಟುಪಟ್ಟು ಇದು. ಜೋಡಿ ಬಂದರೆ ಇಷ್ಟು, ಮೂರು ಎಲೆ ಹೊಂದಿದರೆ ಇಷ್ಟು ಎಂದು ಪಕ್ಕದ ವೃತ್ತದಲ್ಲಿ ಇಡಿಸಿಕೊಳ್ಳುವ ಪಣಗಳಲ್ಲೂ ಮೇಲುಗೈ ಸಾಮಾನ್ಯವಾಗಿ ಶೇ. 3ರಿಂದ ಮೇಲಕ್ಕೇ ಇರುತ್ತದೆ. ನಿಮಗೇ ಬ್ಲ್ಯಾಕ್‌ಜಾಕ್ ಬಂದು ಡೀಲರ್ ಎದುರು ಎಕ್ಕವಿದ್ದಾಗ ಅವನು ‘ಈವನ್ ಮನಿ ಬೇಕೇ’ ಎಂದು ಕೇಳುವುದೂ ಇದೇ ಇನ್ಶೂರೆನ್ಸಿನ ಇನ್ನೊಂದು ರೂಪ: ಖಚಿತವಾಗಿ ಪಣದಷ್ಟು ಹಣ ಸಿಗುತ್ತದೆ, ಆದರೆ ಎರಡಕ್ಕೆ ಮೂರರ ಮೇಜಿನಲ್ಲಿ ಬೇಡವೆಂದು ಕಾಯುವವನಿಗೆ ನೂರು ರೂಪಾಯಿಯ ಪಣಕ್ಕೆ ಸರಾಸರಿ 104 ರೂಪಾಯಿ ಬರುತ್ತದೆ.